ಸ್ವರ್ಣಧಾರ ಕೋಳಿ: ಎರಡು ಬ್ಯಾಚ್ ಸಾಕಿದ ಮೇಲೆ ನನ್ನ ಅನಿಸಿಕೆ

ಹುಮನಾಬಾದ್ ಹತ್ತಿರ ನಮ್ಮ ಹೊಲ. ತೊಗರಿ, ಸೋಯಾ ಬೆಳೆಯುತ್ತೇವೆ, ಬದುವಿನ ಪಕ್ಕ ಒಂದು ಸಣ್ಣ ಶೆಡ್ ಇದೆ. ಅಲ್ಲಿ ಎರಡು ಸಲ ಸ್ವರ್ಣಧಾರ ಮರಿ ಹಾಕಿದ್ದೇನೆ, ಸಲಕ್ಕೆ ನೂರರಂತೆ. ಲಾಭ ಇದೆಯಾ, ಎಕ್ಸ್‌ಪೋರ್ಟ್ ಆಗುತ್ತಾ ಅಂತ ಕೇಳುವವರು ಜಾಸ್ತಿ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಕೋಳಿ ವಿಷಯ. ಇದು ನಮ್ಮ ಬೀದರಿನಲ್ಲೇ ಮುಖ್ಯ ಕಚೇರಿ ಇರುವ ಪಶು ವಿಶ್ವವಿದ್ಯಾಲಯದ ತಳಿ. 2005ರಲ್ಲಿ ಬಿಡುಗಡೆ ಆಯಿತು. ಗಿರಿರಾಜ ಅನ್ನುವ ಇನ್ನೊಂದು ಸಾಕು ತಳಿಗಿಂತ ಮೈ ಹಗುರ, ನಾಯಿ ಬೆಕ್ಕು ಬಂದರೆ ಓಡಿ ತಪ್ಪಿಸಿಕೊಳ್ಳುತ್ತದೆ, ಹೊಲದಲ್ಲಿ ಬಿಟ್ಟು ಸಾಕುವವರಿಗೆ ಇದು ದೊಡ್ಡ ಅನುಕೂಲ. ವರ್ಷಕ್ಕೆ 180ರಿಂದ 190 ಮೊಟ್ಟೆ ಅನ್ನುತ್ತಾರೆ. ನನ್ನಲ್ಲಿ 160 ದಾಟಲಿಲ್ಲ. ಏಪ್ರಿಲ್, ಮೇ ಬಿಸಿಲಿಗೆ ಕೋಳಿ ಬಾಯಿ ತೆರೆದುಕೊಂಡು ನೆರಳಲ್ಲಿ ನಿಂತುಬಿಡುತ್ತವೆ, ಕಾಳು ಮುಟ್ಟುವುದಿಲ್ಲ, ಮೊಟ್ಟೆ ಎಲ್ಲಿಂದ ಬರಬೇಕು? ಆದರೂ ಜವಾರಿ ಕೋಳಿಗೆ ಹೋಲಿಸಿದರೆ ಎರಡು ಪಟ್ಟಿಗಿಂತ ಜಾಸ್ತಿಯೇ.

ಒಂದು ಕೊರತೆ ಹೇಳಲೇಬೇಕು. ಇದು ಕಾವಿಗೆ ಕೂರುವುದಿಲ್ಲ. ನಮ್ಮ ಅವ್ವ ಮೊದಲ ದಿನದಿಂದ ಬೈಯುತ್ತಲೇ ಇದ್ದಳು, "ಎಂಥಾ ಕೋಳಿ ತಂದ್ಯೋ ತಮ್ಮಾ, ಕಾವಿಗೆ ಕೂಡಂಗಿಲ್ಲ ಇದು" ಅಂತ. ಜವಾರಿ ಹೇಂಟೆಯ ಕೆಳಗೆ ಮೊಟ್ಟೆ ಇಟ್ಟು ಮರಿ ಮಾಡಿಸಿದರೂ ತಾಯಿಯ ಗುಣ ಪೂರ್ತಿ ಬರುವುದಿಲ್ಲ. ಹಾಗಾಗಿ ಪ್ರತಿ ಸಲ ಮರಿ ಬುಕ್ ಮಾಡಿ ಕಾಯಬೇಕು. ನಾನು ಎರಡು ತಿಂಗಳು ಕಾದಿದ್ದೇನೆ.

ಮೊದಲ ಮೂರು ವಾರ ಶೆಡ್ ಬಿಟ್ಟು ಕದಲಬೇಡಿ. ಕಾವು ಕೊಡುವ ಬಲ್ಬಿನ ಕೆಳಗೆ ಮರಿಗಳು ಒಂದರ ಮೇಲೊಂದು ಒತ್ತಿಕೊಂಡರೆ ಚಳಿ ಅಂತ ಅರ್ಥ, ಸುತ್ತ ಕಟ್ಟಿದ ತಗಡಿನ ಅಂಚಿಗೆ ಸರಿದು ನಿಂತರೆ ಸೆಕೆ. 2025ರ ಜನವರಿಯಲ್ಲಿ ನನ್ನ ಎರಡನೇ ಬ್ಯಾಚು, ಒಂದು ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯಿತು, ನಾನು ಮನೆಯಲ್ಲಿ ಮಲಗಿದ್ದೆ. ಬೆಳಗ್ಗೆ ಬಂದು ನೋಡಿದರೆ ಮೂಲೆಯಲ್ಲಿ ಗುಡ್ಡೆ. ಮೇಲಿನವು ಬದುಕಿದ್ದವು, ಅಡಿಯಲ್ಲಿ ಸಿಕ್ಕಿದ 18 ಉಸಿರುಗಟ್ಟಿ ಸತ್ತಿದ್ದವು. ಆವತ್ತೇ ಬ್ಯಾಟರಿ ತಂದೆ.

ಲಸಿಕೆ ತಪ್ಪಿಸಬೇಡಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್ ಅನ್ನುತ್ತಾರಲ್ಲ, ಅದು) ಮೊದಲ ವಾರದಲ್ಲೇ ಲಸೋಟಾ ಅನ್ನುವ ಲಸಿಕೆಯ ಹನಿ. ಮರಿಯನ್ನು ಅಂಗೈಯಲ್ಲಿ ಹಿಡಿದು ಕಣ್ಣಿಗೆ ಒಂದೇ ಹನಿ ಹಾಕಿ, ಅದು ಕಣ್ಣು ಮಿಟುಕಿಸುವ ತನಕ ಬಿಡಬಾರದು, ಇಲ್ಲದಿದ್ದರೆ ಹನಿ ಹೊರಗೆ ಜಾರುತ್ತದೆ. ಲಸಿಕೆ ಬಾಟಲಿ ಐಸ್ ಹಾಕಿದ ಥರ್ಮಾಸಿನಲ್ಲೇ ಬರಬೇಕು, ಜೇಬಲ್ಲಿ ಇಟ್ಟು ತಂದದ್ದು ಸುಮ್ನೆ ನೀರು.

ಈಗ ಎಕ್ಸ್‌ಪೋರ್ಟ್ ಮಾತು. ಕಲಬುರಗಿಯಲ್ಲಿ ಒಬ್ಬರು ಒಂದು ದಿನದ ತರಬೇತಿ ಅಂತ 1,500 ರೂಪಾಯಿ ತೆಗೆದುಕೊಂಡು, ನೂರು ಕೋಳಿ ಇದ್ದರೂ ದುಬೈಗೆ ಮೊಟ್ಟೆ ಕಳಿಸಬಹುದು ಅಂದರು. ದಯವಿಟ್ಟು ನಂಬಬೇಡಿ. ನಮ್ಮ ದೇಶದಿಂದ ಕೊಲ್ಲಿ ದೇಶಗಳಿಗೆ ಮೊಟ್ಟೆ ಹೋಗುವುದು ಹೆಚ್ಚಾಗಿ ತಮಿಳುನಾಡಿನ ನಾಮಕ್ಕಲ್‌ನಿಂದ, ಅದೂ ಲಕ್ಷಗಟ್ಟಲೆ ಕೋಳಿ ಇರುವ ಫಾರಂಗಳಿಂದ. ಒಂದು ದೊಡ್ಡ ಕಂಟೇನರಿಗೆ ನಾಲ್ಕು ಲಕ್ಷಕ್ಕೂ ಜಾಸ್ತಿ ಮೊಟ್ಟೆ ಬೇಕು. ನನ್ನ 40 ಹೇಂಟೆ ವರ್ಷಕ್ಕೆ 6,400 ಮೊಟ್ಟೆ ಇಟ್ಟರೆ ಒಂದು ಕಂಟೇನರ್ ತುಂಬಲು 60 ವರ್ಷ ದಾಟುತ್ತದೆ. ಮೇಲೆ ಅಪೆಡಾ (ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ, ಮೊಟ್ಟೆಯಲ್ಲಿ ಔಷಧದ ಅಂಶ ಉಳಿದಿದೆಯಾ ಅಂತ ಲ್ಯಾಬ್ ಪರೀಕ್ಷೆ, ಹಕ್ಕಿಜ್ವರ ಇಲ್ಲ ಅನ್ನುವ ಪ್ರಮಾಣಪತ್ರ. ಔಷಧದ ಪರೀಕ್ಷೆ ಎಲ್ಲಿ ಮಾಡಿಸುತ್ತೀರಿ ಅಂತ ನಾನು ಕೇಳಿದೆ, ಅವರು ಊಟದ ಬ್ರೇಕ್ ಅಂದುಬಿಟ್ಟರು. ಅಲ್ಲಿ ಸಾಲ ಮಾಡಿ ಫೀಸು ಕಟ್ಟಿ ಬಂದ ಹುಡುಗರಿದ್ದರು. ನನಗೆ ಇವತ್ತಿಗೂ ಸಿಟ್ಟಿದೆ.

ಹಕ್ಕಿಜ್ವರದ ಪೆಟ್ಟು ನಮಗೂ ಬಿತ್ತು. ಅದೇ ಜನವರಿಯಲ್ಲಿ ಗಡಿಯಾಚೆ ಮಹಾರಾಷ್ಟ್ರದ ಉದಗೀರ್‌ನಲ್ಲಿ ಕಾಗೆಗಳು ಸತ್ತ ಸುದ್ದಿ ಬಂದದ್ದೇ ತಡ, ಮೂರು ವಾರ ನನ್ನ ಮೊಟ್ಟೆ ಕೇಳುವವರೇ ಇರಲಿಲ್ಲ. ಪಕ್ಕದ ತಾಲ್ಲೂಕಿನ ಗಿರಾಕಿಯೇ ಹೀಗೆ ಹೆದರಿದರೆ ಹೊರದೇಶದವರು ಬಾಗಿಲು ಹಾಕುವುದರಲ್ಲಿ ತಪ್ಪೇನಿದೆ?

ನಮಗೆ ಎಕ್ಸ್‌ಪೋರ್ಟ್ ಅಂದರೆ ಹೈದರಾಬಾದ್. ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಜಹೀರಾಬಾದ್ ದಾಟಿದರೆ ಆಯಿತು. ಅಲ್ಲಿ ಆಷಾಢದಲ್ಲಿ ಬೋನಾಲು ಹಬ್ಬ, ಬಣ್ಣದ ಹುಂಜಕ್ಕೆ ಒಳ್ಳೆಯ ಬೇಡಿಕೆ. ಜನವರಿಯಲ್ಲಿ ಮರಿ ಹಾಕಿದರೆ ಐದಾರು ತಿಂಗಳಿಗೆ ಹುಂಜ ಮೂರೂವರೆ, ನಾಲ್ಕು ಕೆಜಿ ಬರುತ್ತದೆ, ಹಬ್ಬಕ್ಕೆ ಸರಿಯಾಗಿ ಕೂಡುತ್ತದೆ. ಶ್ರಾವಣ ಬಂತೆಂದರೆ ನಮ್ಮ ಕಡೆ ಯಾರೂ ಕೋಳಿ ಮುಟ್ಟುವುದಿಲ್ಲ, ಅಷ್ಟರೊಳಗೆ ಖಾಲಿ ಮಾಡಬೇಕು. ನಾನು ಒಬ್ಬನೇ ಒಯ್ದರೆ ಗಾಡಿ ಬಾಡಿಗೆಗೇ ಲಾಭ ಹೋಗುತ್ತಿತ್ತು. ನಾವು ಐದು ಮನೆಯವರು ಸೇರಿ ಒಂದೇ ಪಿಕಪ್ ಮಾಡಿದೆವು, ಹುಮನಾಬಾದ್ ಸಂತೆಗಿಂತ ಕೆಜಿಗೆ 60 ರೂಪಾಯಿ ಜಾಸ್ತಿ ಸಿಕ್ಕಿತು.

ಮೇವಿನ ಖರ್ಚು ಮಾತ್ರ ಜೋರು. ನಮ್ಮ ಜೋಳದ ನುಚ್ಚು, ಸೋಯಾ ಹಿಂಡಿ ಸೇರಿಸಿ ಸ್ವಲ್ಪ ಇಳಿಸಿದ್ದೇನೆ. ಎಲ್ಲವನ್ನೂ ಅಂಗಡಿ ಫೀಡಿನಲ್ಲೇ ಸಾಕುವವರಿಗೆ ಈ ತಳಿ ಗಿಟ್ಟುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮೂರನೇ ಬ್ಯಾಚಿಗೆ ಬುಕ್ ಮಾಡಿದ್ದೇನೆ, ಈ ಸಲ ಏಳು ಮನೆ ಸೇರಿದ್ದೇವೆ. ಚಿಟಗುಪ್ಪ, ಬಸವಕಲ್ಯಾಣ ಕಡೆಯವರು ಯಾರಾದರೂ ಅದೇ ಹೊತ್ತಿಗೆ ಮರಿ ಹಾಕುವವರಿದ್ದರೆ ಹೇಳಿ, ಗಾಡಿಯಲ್ಲಿ ಜಾಗ ಇದೆ.