ಜಾನಪದ ಲೋಕವೋ, ಮಣಿಪಾಲದ ಹೆರಿಟೇಜ್ ವಿಲೇಜೋ?

ಜೊತೆಗೆ ಮಕ್ಕಳಿದ್ದರೆ ರಾಮನಗರದ ಜಾನಪದ ಲೋಕ ಎಂಬ ವಸ್ತುಸಂಗ್ರಹಾಲಯಕ್ಕೇ ಹೋಗಿ. ಎಚ್.ಎಲ್. ನಾಗೇಗೌಡರು ಊರೂರು ಅಲೆದು ಕೂಡಿಸಿದ್ದು ಅಲ್ಲಿದೆ: ಧಾನ್ಯ ಅಳೆಯುವ ಬಳ್ಳ, ಕೊಳಗ, ಬೀಜ ಬಿತ್ತುವ ಕೂರಿಗೆ, ತೊಗಲುಗೊಂಬೆ. 15 ಎಕರೆಯ ಆವರಣ, ಮಕ್ಕಳು ಓಡಾಡಬಹುದು. ಬೆಂಗಳೂರಿನವರಿಗೆ ಅರ್ಧ ದಿನ ಸಾಕು, ಮಂಗಳವಾರ ರಜೆ.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ನೋಡುವುದು ಮನೆಗಳನ್ನೇ. ಕೆಡವಲು ಹೊರಟಿದ್ದ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ವಿಜಯನಾಥ ಶೆಣೈ ಬಿಚ್ಚಿ ತಂದು ಮತ್ತೆ ಜೋಡಿಸಿದರು. ಕಾರ್ಕಳದ ಕಡೆಯ ಮಿಯಾರು ಮನೆ, ಬಯಲುಸೀಮೆಯ ಕುಕನೂರಿನ ಕಮಲ ಮಹಲ್ ಎರಡೂ ಒಂದೇ ಆವರಣದಲ್ಲಿ! ಕಂಬದ ಕೆತ್ತನೆಯ ಹತ್ತಿರ ನಿಂತರೆ ಉಳಿ ಹಿಡಿದ ಕೈಯೇ ಕಣ್ಣಿಗೆ ಕಟ್ಟುತ್ತದೆ. ಮಾರ್ಗದರ್ಶಕರ ಜೊತೆ ನಿಧಾನವಾಗಿ ಸುತ್ತಬೇಕು, ಪುಟಾಣಿಗಳಿಗೆ ಬೇಸರವಾದೀತು. ಮನೆ ಕಟ್ಟಿಸುವ ಯೋಚನೆಯಲ್ಲಿರುವವರಿಗೆ, ಮರಗೆಲಸ ಬಲ್ಲವರಿಗೆ ಮಾತ್ರ ಎರಡು ಮಾತಿಲ್ಲ, ಮಣಿಪಾಲವೇ.