ಆಡಿಷನ್ 3.0: ಕಂಪನಿ ಬಿಟ್ಟರೂ ನಾನು ಬಿಡದ ಸಾಫ್ಟ್‌ವೇರ್

ಹೊಸದಾಗಿ ರೆಕಾರ್ಡಿಂಗ್ ಶುರು ಮಾಡುವವರು ಇದನ್ನು ಹುಡುಕಿಕೊಂಡು ಹೋಗಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಸದ್ದು ರೆಕಾರ್ಡ್ ಮಾಡಿ ತಿದ್ದುವ ಅಡೋಬಿ ಆಡಿಷನ್ 3.0 ಬಂದದ್ದು 2007ರ ನವೆಂಬರಿನಲ್ಲಿ. ಮಾರಾಟ ನಿಂತು ಯಾವ ಕಾಲವಾಯಿತೋ. ಆದರೂ ಶಿರಸಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ), ಭಜನೆ, ಜಾತ್ರೆಯ ಅನೌನ್ಸ್‌ಮೆಂಟು ಎಲ್ಲ ಇವತ್ತಿಗೂ ತಯಾರಾಗುವುದು ಇದರಲ್ಲೇ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಇನ್ನೊಂದು ಸ್ಟಾರ್ ಯಾಕಿಲ್ಲ ಅನ್ನುವುದು ಮುಂದೆ ಬರುತ್ತದೆ.

ಇದರ ಮೂಲ ಕೂಲ್ ಎಡಿಟ್. ಅಮೆರಿಕದ ಅರಿಝೋನಾದಲ್ಲಿದ್ದ ಸಿಂಟ್ರಿಲಿಯಂ ಅನ್ನುವ ಪುಟ್ಟ ಕಂಪನಿಯದು. ದುಡ್ಡು ಕೊಡದ ಪ್ರತಿಯಲ್ಲಿ, ತೆರೆದಾಗಲೊಮ್ಮೆ ಇಂತಿಂಥ ಎರಡು ಬಗೆಯ ಕೆಲಸ ಮಾತ್ರ ಬೇಕು ಅಂತ ಆರಿಸಿಕೊಳ್ಳಬೇಕಿತ್ತು. ಮೂರನೆಯದು ಬೇಕೆಂದರೆ ಮುಚ್ಚಿ ಮತ್ತೆ ತೆರೆಯುವುದು. 2003ರಲ್ಲಿ ಅಡೋಬಿ ಅದನ್ನು 1.65 ಕೋಟಿ ಡಾಲರಿಗೆ ಕೊಂಡು, ಅದೇ ವರ್ಷ ಆಡಿಷನ್ ಅಂತ ಹೆಸರಿಟ್ಟಿತು. ಆ ವೇಳೆಗೆ ನಮ್ಮ ಕಡೆಯ ಕ್ಯಾಸೆಟ್ ಅಂಗಡಿ, ಮದುವೆ ವಿಡಿಯೊ ಮಾಡುವವರು, ಮೈಕ್ ಸೆಟ್ಟಿನವರು ಎಲ್ಲರ ಕಂಪ್ಯೂಟರಿನಲ್ಲೂ ಕೂಲ್ ಎಡಿಟ್ ಕೂತಾಗಿತ್ತು. ಎಷ್ಟೋ ಜನ ಈಗಲೂ ಆಡಿಷನ್‌ಗೆ ಕೂಲ್ ಎಡಿಟ್ ಅಂತಲೇ ಅನ್ನುತ್ತಾರೆ. 2011ರಲ್ಲಿ ಕಂಪನಿ ಇಡೀ ಸಾಫ್ಟ್‌ವೇರನ್ನು ಹೊಸದಾಗಿ ಬರೆಯಿತು. ಆಗ ಮಿಡಿ (ಕೀಬೋರ್ಡಿನಂಥ ವಾದ್ಯದ ಸ್ವರಗಳನ್ನು ಸೂಚನೆಗಳಾಗಿ ಹಿಡಿದಿಡುವ ಸೌಲಭ್ಯ) ಹೋಯಿತು, ಸಿಡಿ ಬರೆಯುವುದೂ ಹೋಯಿತು (ಸಿಡಿ ಮಾತ್ರ ಮುಂದಿನ ಆವೃತ್ತಿಯಲ್ಲಿ ಮರಳಿತು). ಹಾಗಾಗಿ ಹಳೇ ದಾರಿಯ ಕೊನೆಯ ನಿಲ್ದಾಣ 3.0.

ಇನ್ನು ಕೆಲಸದ ಮಾತು. ನಮ್ಮಲ್ಲಿ ಯಕ್ಷಗಾನ ಮೇಳದ ಆಟಗಳು ಮಳೆ ಹಿಡಿಯುವ ಹೊತ್ತಿಗೆ ನಿಲ್ಲುತ್ತವೆ, ತಾಳಮದ್ದಲೆ ಶುರುವಾಗುತ್ತದೆ. ಅಂದರೆ ರೆಕಾರ್ಡಿಂಗ್ ಜಾಸ್ತಿ ಇರುವುದೇ ಆಷಾಢ, ಶ್ರಾವಣದಲ್ಲಿ. ದೇವಸ್ಥಾನದ ಪೌಳಿಗೆ ತಗಡಿನ ಮಾಡು. ಮೇಲೆ ಮಳೆ, ಕೆಳಗೆ ಮೂರು ಮೈಕು, ಮೂಲೆಯಲ್ಲೊಂದು ಫ್ಯಾನು. ಇದರ ನಡುವೆ ಅರ್ಥಧಾರಿಯ (ಪಾತ್ರದ ಮಾತಾಡುವವರ) ಮಾತನ್ನು ಬಿಡಿಸಿ ಕೊಡಬೇಕು. ಆಡಿಷನ್ನಿನ ನಾಯ್ಸ್ ರಿಡಕ್ಷನ್ನಿಗೆ ಮೊದಲು ಬರೀ ಗದ್ದಲ ಇರುವ ಅರ್ಧ ಸೆಕೆಂಡಿನ ತುಂಡೊಂದನ್ನು ತೋರಿಸಬೇಕು. ಅದರ ಗುರುತು ಹಿಡಿದು ಉಳಿದ ಕಡೆ ಅಷ್ಟನ್ನು ಕಳೆಯುತ್ತದೆ. ಫ್ಯಾನಿಗೆ, ಕ್ಯಾಸೆಟ್ಟಿನ ಹಿಸ್ ಸದ್ದಿಗೆ ಇದು ಒಂದೇ ಸಲಕ್ಕೆ ಸಾಕು. ಮಳೆ ಹಾಗಲ್ಲ, ಜಡಿ ಹಿಡಿದಾಗ ಒಂಥರ, ಹನಿಯುವಾಗ ಇನ್ನೊಂಥರ. ಅದಕ್ಕೆ ಮಳೆ ಬದಲಾದಲ್ಲೆಲ್ಲ ಹೊಸ ತುಂಡು ತೋರಿಸಿ, ಅಷ್ಟಷ್ಟೇ ಭಾಗಕ್ಕೆ ಹಾಕುತ್ತಾ ಹೋಗಬೇಕು. ಆಸೆ ಬಿದ್ದು ಪೂರ್ತಿ ತೆಗೆಯಲು ಹೋದರೆ ಅರ್ಥಧಾರಿ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ನಾನು ಅರ್ಧ ಮಳೆ ಬಿಟ್ಟೇ ಕೊಡುತ್ತೇನೆ. ಕೇಳುವವರೆಲ್ಲ ಇಲ್ಲಿಯವರೇ, ಮಳೆ ಯಾರಿಗೂ ಹೊಸದಲ್ಲ.

ಯಕ್ಷಗಾನದ ಕೆಲಸ ಮಾಡುವವರು ಒಂದು ವಿಷಯ ಗಮನಿಸಬೇಕು. ಶ್ರುತಿಪೆಟ್ಟಿಗೆ ನುಡಿಯುತ್ತಿರುವಾಗ ಆ ತುಂಡನ್ನು ಆರಿಸಿದರೆ ಸಾಫ್ಟ್‌ವೇರಿನ ಲೆಕ್ಕದಲ್ಲಿ ಶ್ರುತಿಯೂ ಗದ್ದಲವೇ! ಬೇರೆಲ್ಲೋ ಹಾಗೆ 'ಕ್ಲೀನ್' ಮಾಡಿಸಿದ ಪದ್ಯಗಳು ಒಮ್ಮೆ ನನ್ನ ಕೈಗೆ ಬಂದಿದ್ದವು. ಪದ್ಯ ಹಾಡುವ ಭಾಗವತರ ದನಿ ಷಡ್ಜಕ್ಕೆ ಬಂದು ನಿಂತಲ್ಲೆಲ್ಲ ಸೊರಗಿಹೋಗಿತ್ತು. ಅವರೇ ಅದನ್ನು ಕೇಳಿ, "ತಮ್ಮಾ, ನಾನು ಶ್ರುತಿಗೆ ಸೇರಿದಾಗಲೆಲ್ಲ ನನ್ನನ್ನೇ ಅಳಿಸಿಬಿಟ್ಟಿದ್ದಾರಲ್ಲೋ" ಅಂದರು. ಮೂಲ ಫೈಲ್ ಯಾರ ಹತ್ತಿರವೂ ಇರಲಿಲ್ಲ. ಅದಕ್ಕೇ ಶ್ರುತಿ ಹಾಕುವುದಕ್ಕೆ ಮುಂಚೆ ಹತ್ತು ಸೆಕೆಂಡು ಎಲ್ಲರೂ ಸುಮ್ಮನಿರಿ ಅಂತ ಕೇಳಿಕೊಳ್ಳುವುದು ಒಳ್ಳೆಯದು. ಹಿಮ್ಮೇಳದವರು ನಗುತ್ತಾರೆ, ನಗಲಿ.

ಸ್ಪೆಕ್ಟ್ರಲ್ ವ್ಯೂ ಇದರ ನಿಜವಾದ ಬಲ. ಸದ್ದೆಲ್ಲ ಚಿತ್ರವಾಗಿ ಕಾಣುತ್ತದೆ: ಶ್ರುತಿ ಅಡ್ಡ ಗೆರೆಗಳಾಗಿ, ಚಂಡೆಯ ಪೆಟ್ಟು ನೆಟ್ಟಗಿನ ಕಂಬಗಳಾಗಿ, ಕರೆಂಟಿನ ಗುಂಯ್ ಅನ್ನುವುದು ತಳದಲ್ಲಿ 50, 100, 150 ಹರ್ಟ್ಸ್‌ಗಳಲ್ಲಿ. ಕೌರವನ ಎದುರು ಕೃಷ್ಣನ ಅರ್ಥ ಹೇಳುವವರು ಮಾತು ನಿಲ್ಲಿಸಿ ಎರಡು ಕ್ಷಣ ಸುಮ್ಮನಿರುತ್ತಾರೆ ನೋಡಿ, ಸರಿಯಾಗಿ ಅಲ್ಲೇ ಹಿಂದಿನ ಸಾಲಿನಲ್ಲಿ ಯಾರದೋ ಚಾ ಲೋಟ ಬೀಳುತ್ತದೆ. ಆ ಜಾಗವನ್ನು ಕತ್ತರಿಸಿ ತೆಗೆಯುವ ಹಾಗಿಲ್ಲ, ಆ ಮೌನದ ಅಳತೆಯೇ ಅರ್ಥಗಾರಿಕೆ. 3.0ರಲ್ಲಿ ಬಂದ ಹೀಲಿಂಗ್ ಬ್ರಶ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಲೋಟದ ಗೆರೆಯ ಮೇಲೆ ಎಳೆದರೆ ಅಕ್ಕಪಕ್ಕದ ಸದ್ದಿನಿಂದಲೇ ಆ ಜಾಗ ತುಂಬಿಕೊಳ್ಳುತ್ತದೆ, ಮೌನ ಇದ್ದಷ್ಟೇ ಉದ್ದ ಉಳಿಯುತ್ತದೆ. ಉಳಿದ ಸಣ್ಣಪುಟ್ಟದ್ದೂ ಇದೆ. ಶಾಲೆಯ ಗ್ಯಾದರಿಂಗಿಗೆ ಹಾಡಿನಿಂದ ದನಿ ತೆಗೆದು ಕೊಡಿ ಅಂತ ಮಾಸ್ತರು ಬಂದರೆ ಸೆಂಟರ್ ಚಾನೆಲ್ ಎಕ್ಸ್‌ಟ್ರಾಕ್ಟರ್ ಇದೆ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಅಂಗಡಿಯವರಿಗೆ, ನಾಟಕ ಕಂಪನಿಯವರಿಗೆ ರಿಕ್ಷಾದ ಮೇಲೆ ಕೂಗಿಸುವ ಅನೌನ್ಸ್‌ಮೆಂಟು ಅರ್ಧ ಗಂಟೆಯ ಕೆಲಸ.

ಬೆಂಗಳೂರಿನಲ್ಲಿರುವ ತಂಗಿಯ ಮಗ ಬಂದಾಗಲೆಲ್ಲ ತಕರಾರು ತೆಗೆಯುತ್ತಾನೆ. "ಮಾವ, ಹೊಸ ಆಡಿಷನ್ ತಿಂಗಳ ಬಾಡಿಗೆಗೆ ಸಿಗ್ತದಲ್ಲ, ಅದೇ ಕೆಲಸ ಇನ್ನೂ ಬೇಗ ಆಗ್ತದೆ." ಅವನು ಹೇಳುವುದೇನು ಸುಳ್ಳಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಕೂತು ನೋಡಿದ್ದೇನೆ. ಆದರೆ 3.0ರಲ್ಲಿ 8 ಒತ್ತಿದರೆ ಎಡಿಟ್ (ಒಂದೇ ಫೈಲ್ ತಿದ್ದುವ ಜಾಗ), 9 ಒತ್ತಿದರೆ ಮಲ್ಟಿಟ್ರ್ಯಾಕ್ (ಹಲವು ಟ್ರ್ಯಾಕು ಜೋಡಿಸುವ ಜಾಗ). ಹೊಸದರಲ್ಲಿ 9ಕ್ಕೆ ಎಡಿಟ್, 0ಗೆ ಮಲ್ಟಿಟ್ರ್ಯಾಕ್. ಒಂದೇ ಮನೆ, ಬಾಗಿಲು ಮಾತ್ರ ಒಂದು ಮಾರು ಆಚೆ. ಕೈಗೆ ಇದನ್ನು ತಿಳಿಸಿ ಹೇಳುವುದು ಕಷ್ಟ. ಅದಕ್ಕಿಂತ ದೊಡ್ಡ ಕಾರಣ ದುಡ್ಡಿನ ಹರಿವು. ಈ ಕೆಲಸಕ್ಕೆ ತಿಂಗಳ ಸಂಬಳ ಇಲ್ಲ. ಮೂರು ತಿಂಗಳು ಮೈತುಂಬ ಕೆಲಸ, ಆಮೇಲೆ ಎರಡು ತಿಂಗಳು ಯಾರೂ ಮೆಟ್ಟಿಲು ಹತ್ತುವುದಿಲ್ಲ. ಗಾಳಿಮಳೆಗೆ ಮರ ಬಿದ್ದು ಕರೆಂಟು, ನೆಟ್ಟು ಎರಡೂ ಹೋದ ವಾರದಲ್ಲೂ ಯುಪಿಎಸ್ ಇದ್ದಷ್ಟು ಹೊತ್ತು 3.0 ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಹಾಗಂತ ಇದರ ಮಿತಿ ಮುಚ್ಚಿಡುವುದಿಲ್ಲ. ಎಡಿಟ್ ವ್ಯೂನಲ್ಲಿ ಮಾಡಿದ ಬದಲಾವಣೆ ಸೇವ್ ಮಾಡಿ ಮುಚ್ಚಿದರೆ ಮೂಲ ಹೋಯಿತು ಅಂತಲೇ ಅರ್ಥ. ಇದು 32 ಬಿಟ್ ಸಾಫ್ಟ್‌ವೇರ್, ಕಂಪ್ಯೂಟರಿಗೆ 16 ಜಿಬಿ ರ‍್ಯಾಮ್ ಹಾಕಿಸಿದರೂ ಅದನ್ನೆಲ್ಲ ಬಳಸಲಾರದು. ಮತ್ತೆ ಸದ್ದನ್ನು ಕುಗ್ಗಿಸದೆ ಇಡುವ ವೇವ್ ಫೈಲಿನದೇ ಒಂದು ಕಟ್ಟು ಇದೆ: 4 ಜಿಬಿ ದಾಟುವ ಹಾಗಿಲ್ಲ. 44.1 ಕಿಲೊಹರ್ಟ್ಸ್, 16 ಬಿಟ್ ಸ್ಟೀರಿಯೊದಲ್ಲಿ ಅಷ್ಟು ತುಂಬಲು ಸುಮಾರು ಆರೂಮುಕ್ಕಾಲು ಗಂಟೆ ಬೇಕು, 24 ಬಿಟ್ಟಿನಲ್ಲಿ ನಾಲ್ಕೂವರೆ. ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಗಿನ ತನಕ ನಡೆಯುವ ಆಟವನ್ನು ಒಂದೇ ಫೈಲಿನಲ್ಲಿ ಹಿಡಿಯುತ್ತೇನೆ ಅಂದರೆ ಆಗದ ಮಾತು. ಪ್ರಸಂಗ (ಆಟದ ಕಥೆ) ಬದಲಾಗುವಲ್ಲಿ ನಿಲ್ಲಿಸಿ ಹೊಸ ಫೈಲ್ ತೆರೆಯಲೇಬೇಕು.

ಕಳೆದ ಸ್ಟಾರಿನ ಕಥೆ ಈಗ. ಸಾಫ್ಟ್‌ವೇರು ತಾನಾಗಿ ಹಳತಾಗುವುದಿಲ್ಲ, ಸುತ್ತ ಇರುವುದೆಲ್ಲ ಒಂದೊಂದಾಗಿ ಉದುರುತ್ತದೆ. ನನ್ನದು ಆಡಿಯೋಫೈಲ್ 2496 ಸೌಂಡ್ ಕಾರ್ಡು, ಪಿಸಿಐ ಸ್ಲಾಟಿನದು. ಈಗಿನ ಮದರ್‌ಬೋರ್ಡುಗಳಲ್ಲಿ ಆ ಸ್ಲಾಟೇ ಇರುವುದಿಲ್ಲ. ಮದರ್‌ಬೋರ್ಡು ಬದಲಿಸಿದರೆ ಕಾರ್ಡು ಹೋಯಿತು, ಕಾರ್ಡು ಬದಲಿಸಿದರೆ ಡ್ರೈವರ್ ಹುಡುಕಾಟ. ಮಷಿನ್ನಿನಲ್ಲಿರುವುದು ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿಯಲ್ಲೇ ಮುಗಿದದ್ದರಿಂದ ನೆಟ್ ವೈರನ್ನೇ ಜೋಡಿಸುವುದಿಲ್ಲ. ಗಿರಾಕಿಯ ಪೆನ್‌ಡ್ರೈವ್ ಬೇರೆ ಕಂಪ್ಯೂಟರಿನಲ್ಲಿ ವೈರಸ್ ತಪಾಸಣೆ ಆದ ಮೇಲೆಯೇ ಒಳಗೆ. ರಿಪೇರಿ ಅಂಗಡಿಯ ಹುಡುಗನಿಗೆ ಈ ಡಬ್ಬಿ ಕಂಡರೆ ಒಂದು ನಮೂನೆ ಕುತೂಹಲ, ಹಳೇ ಜೀಪು ಕಂಡವರ ಹಾಗೆ ಸುತ್ತ ತಿರುಗಿ ನೋಡುತ್ತಾನೆ. ಕೇಳಿ ತಿಳಿಯೋಣ ಅಂದರೆ ಬಳಸುವ ಜನವೂ ಕಡಿಮೆಯಾಗಿದ್ದಾರೆ. ಒಂದು ಸಾಫ್ಟ್‌ವೇರಿಗೆ ನಿಷ್ಠೆ ಅಂದರೆ ಒಂದು ಇಡೀ ಕಂಪ್ಯೂಟರನ್ನು 2009ರಲ್ಲೇ ನಿಲ್ಲಿಸಿ ಸಾಕುವುದು. ಆ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ನನ್ನ ಹಾಗೆ ಹಳೇ ಆಡಿಷನ್ ಇಟ್ಟುಕೊಂಡವರು ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಸೆಷನ್ ಫೈಲು, ಅಂದರೆ ಎಸ್‌ಇಎಸ್ ಅನ್ನುವುದು, ಅದರೊಳಗೆ ಸದ್ದು ಇರುವುದಿಲ್ಲ. ಯಾವ ವೇವ್ ಎಲ್ಲಿದೆ, ಎಲ್ಲಿಂದ ಶುರು, ದನಿ ಎಷ್ಟು ಜೋರು ಅನ್ನುವ ಪಟ್ಟಿ ಅಷ್ಟೆ. ಫೋಲ್ಡರಿನ ಹೆಸರು ಬದಲಿಸಿದರೂ ಅದಕ್ಕೆ ದಾರಿ ತಪ್ಪುತ್ತದೆ. ಅದನ್ನು ನಂಬಿ ಕೂರಬೇಡಿ. ಭಾಗವತರು, ಮದ್ದಲೆ, ಅರ್ಥಧಾರಿಗಳು ಹೀಗೆ ಪ್ರತಿ ಟ್ರ್ಯಾಕನ್ನೂ ಸೊನ್ನೆಯಿಂದ ಕೊನೆಯ ತನಕ ಬೇರೆ ಬೇರೆ ವೇವ್ ಮಾಡಿ, ಪ್ರಸಂಗ, ಊರು, ತಾರೀಕು ಬರೆದು ಎರಡು ಹಾರ್ಡ್ ಡಿಸ್ಕಿಗೆ ಹಾಕಿ. ಆಗ ನಾಳೆ ಯಾವ ಸಾಫ್ಟ್‌ವೇರಿನಲ್ಲಿ ತಂದು ಇಟ್ಟರೂ ಎಲ್ಲ ಟ್ರ್ಯಾಕು ತಾಳಕ್ಕೆ ಸರಿಯಾಗಿ ಕೂರುತ್ತವೆ. ನನ್ನದು ಅರ್ಧ ಮುಗಿದಿದೆ, ಮೊದಲು ತೀರಿಕೊಂಡ ಭಾಗವತರ ರೆಕಾರ್ಡಿಂಗುಗಳನ್ನೇ ಎತ್ತಿಕೊಂಡೆ.

ಹೊಸಬರಿಗೆ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಸಾಕು. ಸಣ್ಣ ವ್ಯವಹಾರದವರಿಗೆ ಲೈಸೆನ್ಸು 60 ಡಾಲರ್, 60 ದಿನ ಬಳಸಿ ನೋಡಿ ಆಮೇಲೆ ಕೊಳ್ಳಬಹುದು. ಬರೀ ಕತ್ತರಿಸಿ ಅಂಟಿಸುವ ಕೆಲಸಕ್ಕೆ ಆಡಾಸಿಟಿ ಇದೆ, ಪುಕ್ಕಟೆ.

ಇನ್ನು, ಸೆಟಪ್ ಕಳಿಸಿ ಅಂತ ಕೇಳುವವರಿಗೆ. 2012ರ ಡಿಸೆಂಬರಿನಲ್ಲಿ ಅಡೋಬಿ ಲೈಸೆನ್ಸು ಪರೀಕ್ಷಿಸುವ ಹಳೇ ಆಕ್ಟಿವೇಶನ್ ಸರ್ವರುಗಳನ್ನು ಮುಚ್ಚಿದಾಗ ಸಿಎಸ್2 (ಫೋಟೋಶಾಪ್ ಮೊದಲಾದವುಗಳ ಹಳೇ ಕಟ್ಟು) ಜೊತೆಗೆ ಆಡಿಷನ್ 3.0ನ್ನೂ ಸೀರಿಯಲ್ ನಂಬರ್ ಸಮೇತ ತನ್ನ ತಾಣದಲ್ಲಿ ಇಟ್ಟಿತ್ತು. ಎಲ್ಲರಿಗೂ ಪುಕ್ಕಟೆ ಅಂತ ಆಗ ಸುದ್ದಿ ಹಬ್ಬಿತು. ಅದು ಮೊದಲೇ ದುಡ್ಡು ಕೊಟ್ಟು ಕೊಂಡವರಿಗೆ ಮಾತ್ರ ಅಂತ ಕಂಪನಿಯೇ ಸ್ಪಷ್ಟ ಮಾಡಿತ್ತು. ನನ್ನ ಲೈಸೆನ್ಸು ನನ್ನ ಮಷಿನ್ನಿಗೆ, ಹಂಚುವುದಿಲ್ಲ. ಹಳೇ ಕ್ಯಾಸೆಟ್ ಇದ್ದರೆ ಧಾರಾಳ ತನ್ನಿ, ಆದರೆ ದೀಪಾವಳಿ ಕಳೆದ ಮೇಲೆ. ಬೂಷ್ಟು ಹಿಡಿದ ಟೇಪನ್ನು ಮಳೆಗಾಲದ ಥಂಡಿಯಲ್ಲಿ ಓಡಿಸಿದರೆ ಹೆಡ್ಡಿಗೆ ಅಂಟಿಕೊಂಡು ಇದ್ದದ್ದೂ ಹೋಗುತ್ತದೆ.