ಕಾಫಿ ಲೋಳೆ ಬಿಡಿಸುವ ಪೆಕ್ಟಿನೇಸ್ ಪುಡಿ: ರೊಬಸ್ಟಾಕ್ಕೆ ಸರಿ, ಅರೇಬಿಕಾಕ್ಕೆ ಅಷ್ಟೇನೂ ಬೇಡ

ಚಿಕ್ಕಮಗಳೂರು ಪೇಟೆಯಲ್ಲಿ ಸಿಗುವ ಪೆಕ್ಟಿನೇಸ್ ಎಂಬ ಎಂಜೈಮಿನ ಈ ಬಿಳಿ ಪುಡಿಯ ಕೆಲಸ ಒಂದೇ: ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವುದು, ಆದಮೇಲೆ ಪಾರ್ಚ್‌ಮೆಂಟಿಗೆ (ಕಾಳಿನ ಹೊರ ಹೊಟ್ಟಿಗೆ) ಅಂಟಿರುವ ಲೋಳೆಯ ಪೆಕ್ಟಿನ್ ಎಂಬ ಅಂಟು ಪದಾರ್ಥವನ್ನು ಕತ್ತರಿಸುವುದು. ತಾನಾಗಿ ಹುಳಿಯಲು ಬಿಟ್ಟರೆ ಅರೇಬಿಕಾಕ್ಕೆ 24ರಿಂದ 36 ಗಂಟೆ, ದಪ್ಪ ಲೋಳೆಯ ರೊಬಸ್ಟಾಕ್ಕೆ 72 ಗಂಟೆಯವರೆಗೂ ಬೇಕು. ಪುಡಿ ಹಾಕಿದರೆ ಕೆಲವೇ ಗಂಟೆ. ಕೊಯ್ಲು ಜೋರಾಗಿ ವ್ಯಾಟ್ (ಕಾಳು ಹುಳಿಯಲು ಹಾಕುವ ತೊಟ್ಟಿ) ಖಾಲಿಯಾಗದಿದ್ದಾಗ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ‘ಪುಡಿ ಕೆಲಸ ಮಾಡಲಿಲ್ಲ’ ಎಂಬ ದೂರಿನಲ್ಲಿ ಅರ್ಧ ತಪ್ಪು ವ್ಯಾಟಿನದೇ. ಚಳಿಗಾಲದ ಬೆಳಗಿನ 15 ಡಿಗ್ರಿ ನೀರಿನಲ್ಲಿ ಎಂಜೈಮ್ ಸಾಯುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಪ್ರತಿ 10 ಡಿಗ್ರಿ ಇಳಿದರೆ ವೇಗ ಸುಮಾರು ಅರ್ಧ. ಹಾಗೆಂದು ಕುದಿಯುವ ನೀರಿನಲ್ಲಿ ಕಲಸಿದರೆ ಪ್ರೋಟೀನಿನ ಮಡಿಕೆಯೇ ಬಿಚ್ಚಿಹೋಗುತ್ತದೆ, ಆರಿಸಿದರೂ ಮತ್ತೆ ಕೂಡುವುದಿಲ್ಲ. 40 ಡಿಗ್ರಿ, ಅಂದರೆ ಕೈಗೆ ಹಿತವಾದ ಬಿಸಿ, ಸಾಕು. ಪಿಎಚ್ 4ರಿಂದ 5ರ ನಡುವೆ ಇರಲಿ. ಬೇಗ ಆಗಲೆಂದು ಕಾಸ್ಟಿಕ್ ಸೋಡಾವನ್ನೂ ಜೊತೆಗೆ ಸುರಿದರೆ ಪಿಎಚ್ ಏರಿ ಪುಡಿಯ ದುಡ್ಡು ನೀರುಪಾಲು.

ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣ) ಕಲಸಿದ ಡ್ರಮ್ಮನ್ನು ಇದಕ್ಕೆ ಬಳಸಲೇಬೇಡಿ. ಉಳಿದ ತಾಮ್ರದ ಅಯಾನ್‌ಗಳು ಎಂಜೈಮಿಗೆ ಅಂಟಿ ಕೆಲಸ ಕೆಡಿಸುತ್ತವೆ. ಟ್ಯಾಂಕಿಗೆ ಹಾಕಿದ ಬ್ಲೀಚಿಂಗ್ ಪೌಡರ್ ಕೂಡ ಹಾಗೆಯೇ. ಸಿಪ್ಪೆ ಸರಿಯಾಗಿ ಬೇರೆಯಾಗದೆ ವ್ಯಾಟಿಗೆ ಬಂದರೆ ಅದರ ಟ್ಯಾನಿನ್ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಆದ್ದರಿಂದ ಮೊದಲು ಪಲ್ಪರ್ ಸರಿಮಾಡಿಸಿ.

ಇನ್ನೊಂದು ಅಡ್ಡಿ ಎಂಜೈಮಿನ ಸ್ವಂತ ಉತ್ಪನ್ನದ್ದು. ಪೆಕ್ಟಿನ್ ತುಂಡಾದಂತೆ ಗ್ಯಾಲಕ್ಟುರಾನಿಕ್ ಆಮ್ಲ ಕಾಳಿನ ಸುತ್ತ ಸೇರಿಕೊಂಡು, ಎಂಜೈಮಿನ ಕತ್ತರಿಸುವ ಜಾಗವನ್ನೇ ಆಕ್ರಮಿಸುತ್ತದೆ. ಅದನ್ನು ತೆಗೆಯಲೆಂದು ನಡುವೆ ನೀರು ಬಸಿದರೆ ಎಂಜೈಮೂ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ತಳದಿಂದ ಕಲಕುವುದೇ ಸರಿ. ಕಾಳು ಉಜ್ಜಿದಾಗ ಜಾರದೆ ಚರಚರ ಎಂದರೆ, ಕೋಲು ಚುಚ್ಚಿ ತೆಗೆದ ತೂತು ಹಾಗೇ ನಿಂತರೆ, ತಕ್ಷಣ ತೊಳೆಯಿರಿ. ತಡಮಾಡಿದರೆ ಸ್ಟಿಂಕರ್, ಅಂದರೆ ಕೊಳೆತು ನಾರುವ ಕಾಳು, ಒಂದೆರಡೇ ಸಾಕು ಲಾಟ್ ಕೆಡಿಸಲು.

ಪುಡಿಯ ನಿಜವಾದ ಕೊರತೆ ಪ್ಯಾಕೆಟ್ಟಿನ ಮೇಲಿದೆ: ತೂಕ ಬರೆದಿದ್ದಾರೆ, ಗ್ರಾಮಿಗೆ ಎಷ್ಟು ಯೂನಿಟ್ (ಎಂಜೈಮಿನ ಕೆಲಸದ ಅಳತೆ) ಎಂಬುದಿಲ್ಲ. ಎಂಜೈಮ್ ಕೊಳ್ಳುವುದು ಯೂನಿಟ್ ಲೆಕ್ಕದಲ್ಲಿ; ಅದಿಲ್ಲದೆ ಎರಡು ಪ್ಯಾಕೆಟ್ಟುಗಳ ಬೆಲೆ ಹೋಲಿಸುವುದು ಹೇಗೆ? ಅಂಗಡಿಯಲ್ಲಿ ಬಿಸಿಲು ಬೀಳುವ ಶೆಲ್ಫಿನದು ಬೇಡ, ತಯಾರಿಕೆ ತಿಂಗಳು ನೋಡಿ ತೆಗೆದುಕೊಳ್ಳಿ. ವ್ಯಾಟಿಗೆ ಸುರಿಯುವ ಮುನ್ನ ಎರಡು ಬಕೆಟ್‌ನಲ್ಲಿ ತಲಾ 5 ಕಿಲೋ ಕಾಳು ಹಾಕಿ, ಒಂದಕ್ಕೆ ಪುಡಿ, ಇನ್ನೊಂದಕ್ಕೆ ಕುದಿಸಿ ಆರಿಸಿದ ಅದೇ ಪುಡಿಯ ನೀರು ಹಾಕಿ. ಎರಡೂ ಒಟ್ಟಿಗೇ ಲೋಳೆ ಬಿಟ್ಟರೆ ಪ್ಯಾಕೆಟ್ಟು ವಾಪಸ್ ಕೊಡಿ.

ಅಂಕ: ಐದಕ್ಕೆ ಮೂರೂವರೆ.